ಸೂರ್ಯ ನಿಮ್ಮದಾಗಬಹುದು ಅಂದಿದ್ದರು

ಇಪ್ಪತ್ತು ವರ್ಷದ ಹಿಂದೆ ಸ್ಪೇನ್ ಸರ್ಕಾರ ತನ್ನ ಜನರಿಗಾಗಿ ಒಂದು ಕಿರುಹೊತ್ತಿಗೆ ಹೊರತಂದಿತ್ತು. ಹೆಸರು ‘ಸೂರ್ಯ ನಿಮ್ಮದಾಗಬಹುದು’. ಅಚ್ಚು ಹಾಕಿಸಿದ್ದು ಇಂಧನ ಉಳಿತಾಯದ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಸೋಲಾರ್ ಫಲಕ ಹಾಕಿಸಿ, ಕರೆಂಟನ್ನು ಗ್ರಿಡ್‌ಗೆ ಮಾರಿ, ಹಾಕಿದ ದುಡ್ಡು ಲಾಭದ ಜೊತೆ ವಾಪಸ್ ಬರುತ್ತದೆ ಅನ್ನೋದು ಅದರ ಸಾರ.

2007ರ ಮೇ ತಿಂಗಳಲ್ಲಿ ಆ ಮಾತಿಗೆ ಕಾನೂನಿನ ಬಲವೂ ಬಂತು. ರಾಜನ ಹೆಸರಿನಲ್ಲಿ ಸಚಿವ ಸಂಪುಟ ಹೊರಡಿಸಿದ 661ನೇ ನಂಬರಿನ ಆಜ್ಞೆ ಅದು. 100 ಕಿಲೋವ್ಯಾಟ್‌ ಒಳಗಿನ ಸೋಲಾರ್ ಘಟಕಕ್ಕೆ ಪ್ರತಿ ಯೂನಿಟ್‌ಗೆ 44 ಯೂರೋ ಸೆಂಟ್ ಚಿಲ್ಲರೆ. ಅದೂ 25 ವರ್ಷ. ಅದು ಮುಗಿದ ಮೇಲೂ ಶೇಕಡಾ 80ರಷ್ಟು ದರ. ಮಾರುಕಟ್ಟೆಯಲ್ಲಿ ಕರೆಂಟ್ ಮಾರಿದರೆ ಸಿಗುವುದಕ್ಕಿಂತ ಇದು ಹಲವು ಪಟ್ಟು ಜಾಸ್ತಿ. ಮುಂದೆ ದರ ಪರಿಷ್ಕರಣೆ ಆದರೂ ಈಗಾಗಲೇ ನೋಂದಣಿ ಆದ ಘಟಕಗಳಿಗೆ ಅದು ತಟ್ಟುವುದಿಲ್ಲ ಅಂತ 44ನೇ ವಿಧಿಯಲ್ಲಿ ಬರೆದೂ ಇದ್ದರು.

100 ಕಿಲೋವ್ಯಾಟ್ ಅನ್ನುವ ಆ ಮಿತಿ ಒಂದು ಹೊಸ ವ್ಯವಸ್ಥೆಯನ್ನೇ ಹುಟ್ಟುಹಾಕಿತು. ದೊಡ್ಡ ಜಮೀನೊಂದನ್ನು ಹಿಡಿದು, ಅದನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು, ಒಂದೊಂದನ್ನು ಒಂದೊಂದು ಕುಟುಂಬಕ್ಕೆ ಮಾರುತ್ತಿದ್ದರು. ಬೇಲಿ, ರಸ್ತೆ, ಕೇಬಲ್, ಕಾವಲು ಎಲ್ಲ ಒಟ್ಟಿಗೆ. ಒಡೆತನ ಮಾತ್ರ ಬೇರೆ ಬೇರೆ. ಇದಕ್ಕೆ ಅಲ್ಲಿ ಸೋಲಾರ್ ತೋಟ ಅಂತಲೇ ಹೆಸರು. ರೈತರು, ನಿವೃತ್ತರು, ಸಣ್ಣ ಅಂಗಡಿಯವರು ಬ್ಯಾಂಕ್ ಸಾಲ ಮಾಡಿ ಕೊಂಡರು. ಮನೆ ಅಡವಿಟ್ಟವರೂ ಇದ್ದರು. ಸರ್ಕಾರದ ದರ 25 ವರ್ಷಕ್ಕೆ ಖಚಿತ ಇರುವಾಗ ಬ್ಯಾಂಕಿನವರೂ ಸಾಲ ಕೊಡಲು ಹಿಂದೆಮುಂದೆ ನೋಡಲಿಲ್ಲ.

ಸರ್ಕಾರ ಅಂದುಕೊಂಡಿದ್ದು 2010ರ ಹೊತ್ತಿಗೆ 371 ಮೆಗಾವ್ಯಾಟ್. 2008 ಮುಗಿಯುವಷ್ಟರಲ್ಲೇ 3,000 ಮೆಗಾವ್ಯಾಟ್ ದಾಟಿತು. ಆಮೇಲೆ ಆರ್ಥಿಕ ಕುಸಿತ. ಅದರ ಜೊತೆಗೆ ಸ್ಪೇನ್‌ಗೆ ಮೊದಲಿನಿಂದಲೂ ಇನ್ನೊಂದು ರೋಗವಿತ್ತು. ಜನರಿಗೆ ಬಿಲ್ ಜಾಸ್ತಿ ಬರಬಾರದು ಅಂತ ಸರ್ಕಾರ ಗ್ರಾಹಕರ ದರವನ್ನು ತಗ್ಗಿಸಿ ಇಟ್ಟಿತ್ತು. ಖರ್ಚಿಗೂ ವಸೂಲಿಗೂ ನಡುವಿನ ಅಂತರವನ್ನು ಸಾಲ ಅಂತ ಬರೆದಿಡುತ್ತಾ ಹೋಗಿತ್ತು. 2013ರ ಹೊತ್ತಿಗೆ ಆ ಸಾಲದ ಗುಡ್ಡೆ 2,500 ಕೋಟಿ ಯೂರೋ ಮೀರಿತ್ತು.

ಕತ್ತರಿ ಬಿದ್ದದ್ದು ಕಂತಿನಲ್ಲಿ. 2010ರ ಕೊನೆಯಲ್ಲಿ, ವರ್ಷಕ್ಕೆ ಇಷ್ಟೇ ಗಂಟೆಗಳ ಕರೆಂಟಿಗೆ ಈ ದರ ಅಂತ ಮಿತಿ ಹಾಕಿದರು. 2012ರಲ್ಲಿ ಉತ್ಪಾದನೆಯ ಮೇಲೆ ಶೇಕಡಾ 7 ತೆರಿಗೆ. 2013ರ ಜುಲೈನಲ್ಲಿ 661ನೇ ಆಜ್ಞೆಯನ್ನೇ ತೆಗೆದುಹಾಕಿದರು. ಬದಲಿಗೆ ಬಂದದ್ದು ‘ಸಮಂಜಸ ಲಾಭ’ದ ಲೆಕ್ಕ: ಹತ್ತು ವರ್ಷದ ಸರ್ಕಾರಿ ಬಾಂಡ್‌ನ ಬಡ್ಡಿ, ಅದರ ಮೇಲೆ ಶೇಕಡಾ 3. ತೆರಿಗೆಗೆ ಮುಂಚೆ ಸುಮಾರು ಶೇಕಡಾ 7.4. ಅದನ್ನೂ ಲೆಕ್ಕ ಹಾಕಿದ್ದು ನೀವು ನಿಜವಾಗಿ ಮಾಡಿದ ಖರ್ಚಿನ ಮೇಲಲ್ಲ. ಒಂದು ಮಾದರಿ ಘಟಕ ಕಟ್ಟಲು ಎಷ್ಟಾಗಬೇಕಿತ್ತು ಅಂತ ಸರ್ಕಾರ ಅಂದುಕೊಂಡಿತೋ ಅದರ ಮೇಲೆ. ಹಿಂದಿನ ವರ್ಷಗಳಲ್ಲಿ ಜಾಸ್ತಿ ಲಾಭ ಮಾಡಿದ್ದರೆ ಅದನ್ನೂ ಮುಂದಿನ ಲೆಕ್ಕಕ್ಕೆ ಹಿಡಿದರು.

ಇಲ್ಲಿಂದ ಮುಂದಿನ ಕಥೆ ಹೂಡಿಕೆ ಮಧ್ಯಸ್ಥಿಕೆಯದ್ದು. ಅಂದರೆ ವಿದೇಶಿ ಹೂಡಿಕೆದಾರನಿಗೂ ಸರ್ಕಾರಕ್ಕೂ ಜಗಳವಾದರೆ, ಅದನ್ನು ಆ ದೇಶದ ಕೋರ್ಟಿನ ಬದಲು, ದೇಶಗಳ ನಡುವಿನ ಹೂಡಿಕೆ ಒಪ್ಪಂದದ ಕೆಳಗೆ ಮಧ್ಯಸ್ಥಗಾರರ ಟ್ರಿಬ್ಯುನಲ್ ತೀರ್ಮಾನಿಸುವ ಪದ್ಧತಿ. ವಕೀಲಿ ಮಾಡುವ ನನಗೆ ಈ ತೀರ್ಪುಗಳನ್ನು ಓದುವ ಅಭ್ಯಾಸ ಬಹಳ ಹಿಂದಿನದು. ಓದಿದಷ್ಟೂ ಒಂದೇ ಪ್ರಶ್ನೆ ಕಾಡುತ್ತದೆ. ಸರ್ಕಾರ ಮಾತು ತಪ್ಪಿದಾಗ ‘ನೀವು ಹೀಗೆ ಹೇಳಿದ್ದಿರಿ, ನಾನು ನಂಬಿದ್ದೆ’ ಅಂತ ಕೇಳುವ ಹಕ್ಕು ಯಾರಿಗಿದೆ?

ಕಾನೂನಿನಲ್ಲಿ ಇದಕ್ಕೆ ನ್ಯಾಯಸಮ್ಮತ ನಿರೀಕ್ಷೆ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ಮೊದಲು ಕೇಳಿಬಂದದ್ದು 1969ರಲ್ಲಿ, ಲಾರ್ಡ್ ಡೆನ್ನಿಂಗ್ ಅವರ ಒಂದು ತೀರ್ಪಿನಲ್ಲಿ. ಸೈಂಟಾಲಜಿ ಅನ್ನುವ ಪಂಥದ ಪಾಠ ಕಲಿಯಲು ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳು ವೀಸಾ ಅವಧಿ ಮುಂದುವರಿಸಿ ಅಂತ ಕೇಳಿದ್ದರು. ಸರ್ಕಾರ ಒಪ್ಪಿರಲಿಲ್ಲ. ಅವರು ಸೋತರು. ಆದರೆ ಡೆನ್ನಿಂಗ್ ಒಂದು ಮಾತು ಸೇರಿಸಿದರು. ಕೊಟ್ಟ ಅವಧಿ ಮುಗಿಯುವ ಮೊದಲೇ ಹೊರಡಿ ಅಂದಿದ್ದರೆ, ಆಗ ಅವರ ಮಾತನ್ನು ಕೇಳಲೇಬೇಕಿತ್ತು. ಯಾಕೆಂದರೆ ಅಷ್ಟು ದಿನ ಇರಬಹುದು ಅನ್ನುವ ನಿರೀಕ್ಷೆ ನ್ಯಾಯವಾದದ್ದು. ನಮ್ಮ ಸುಪ್ರೀಂ ಕೋರ್ಟ್ ಕೂಡ 1990ರ ದಶಕದ ಆರಂಭದಿಂದ ಈ ತತ್ವವನ್ನು ಬಳಸುತ್ತಿದೆ. ನಮ್ಮಲ್ಲಿ ಇದರಿಂದ ಮುಖ್ಯವಾಗಿ ಸಿಗುವುದು, ಕೊಟ್ಟ ಮಾತನ್ನು ಕೈಬಿಡುವ ಮೊದಲು ನಿಮ್ಮ ಅಹವಾಲು ಕೇಳಿಸಿಕೊಳ್ಳಬೇಕು, ಕಾರಣ ಕೊಡಬೇಕು ಅನ್ನುವಷ್ಟು. ಸಾರ್ವಜನಿಕ ಹಿತ ಎದುರು ನಿಂತರೆ ನಿರೀಕ್ಷೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ.

ಅಂತರರಾಷ್ಟ್ರೀಯ ಹೂಡಿಕೆ ಕಾನೂನಿಗೆ ಹೋದ ಮೇಲೆ ಇದೇ ತತ್ವಕ್ಕೆ ಬೇರೆಯದೇ ಶಕ್ತಿ ಬಂತು. ಅಲ್ಲಿ ಗೆದ್ದರೆ ಸಿಗುವುದು ದುಡ್ಡು. ಕೆಲವೊಮ್ಮೆ ಒಂದು ಸಣ್ಣ ದೇಶದ ಬಜೆಟ್ಟೇ ಅಲ್ಲಾಡುವಷ್ಟು ದುಡ್ಡು. ಇನ್ನೂ ಒಂದು ವಿಚಾರ ಇದೆ. ಹೂಡಿಕೆ ಒಪ್ಪಂದಗಳನ್ನು ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ನ್ಯಾಯಸಮ್ಮತ ನಿರೀಕ್ಷೆ ಅನ್ನುವ ಮಾತು ಸಿಗುವುದೇ ಇಲ್ಲ. ಇರುವುದು ‘ವಿದೇಶಿ ಹೂಡಿಕೆಯನ್ನು ನ್ಯಾಯವಾಗಿ, ಸಮದೃಷ್ಟಿಯಿಂದ ನಡೆಸಿಕೊಳ್ಳಬೇಕು’ ಅನ್ನುವ ಒಂದೇ ಒಂದು ಸಾಲು. ಉಳಿದದ್ದನ್ನು ಆ ಸಾಲಿನೊಳಗೆ ಓದಿದವರು ಮಧ್ಯಸ್ಥಗಾರರು.

ಹಾಗೆ ಓದಿದ ತೀರ್ಪುಗಳಲ್ಲಿ ಎಲ್ಲರೂ ಉಲ್ಲೇಖಿಸುವುದು ಟೆಕ್‌ಮೆಡ್ ಕೇಸು. ಸ್ಪೇನ್‌ನ ಕಂಪನಿ, ಎದುರಾಳಿ ಮೆಕ್ಸಿಕೊ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಅದರಿಂದ ಎತ್ತಿಕೊಂಡ ವಾಕ್ಯ ಎಷ್ಟು ಪ್ರಸಿದ್ಧವೋ ಅದರ ಹಿಂದಿನ ಸಂಗತಿ ಅಷ್ಟು ಪ್ರಸಿದ್ಧ ಅಲ್ಲ.

ಮೆಕ್ಸಿಕೊದ ಉತ್ತರಕ್ಕೆ ಸೊನೋರಾ ರಾಜ್ಯ. ಅಲ್ಲಿನ ಎರ್ಮೊಸಿಯೊ ನಗರದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗ ಒಂದಿತ್ತು. 1996ರಲ್ಲಿ ಅದು ಹರಾಜಿಗೆ ಬಂತು, ಟೆಕ್‌ಮೆಡ್ ಕೊಂಡಿತು. ಲೈಸೆನ್ಸನ್ನು ವರ್ಷವರ್ಷ ನವೀಕರಿಸಬೇಕಿತ್ತು. ಆಮೇಲೆ ಬೇರೊಂದು ರಾಜ್ಯದಿಂದ ಸೀಸದ ವಿಷ ಇರುವ ತ್ಯಾಜ್ಯವನ್ನು ತಂದು ಅಲ್ಲಿ ಸುರಿಯಲು ಶುರುವಾಯಿತು. ಊರಿನವರು ಸಿಟ್ಟಿಗೆದ್ದರು. ಮೆರವಣಿಗೆ ಆಯಿತು, ಗೇಟಿನ ಮುಂದೆ ತಡೆ ಆಯಿತು. ಹೊಸ ನಿಯಮದ ಪ್ರಕಾರ ಇಂಥ ಜಾಗ ಊರಿನಿಂದ 25 ಕಿಲೋಮೀಟರ್ ಆಚೆ ಇರಬೇಕಿತ್ತು. ಕಂಪನಿ ಬೇರೆ ಕಡೆ ಹೋಗಲು ಒಪ್ಪಿತು. ಹೊಸ ಜಾಗ ಸಿಗುವವರೆಗೆ ಇಲ್ಲೇ ನಡೆಸಲು ಬಿಡಿ ಅಂದಿತು. ಮಾತುಕತೆ ಅದೇ ದಾರಿಯಲ್ಲಿ ಸಾಗುತ್ತಿತ್ತು. ಅಷ್ಟರಲ್ಲಿ 1998ರ ನವೆಂಬರ್‌ನಲ್ಲಿ ಪರಿಸರ ಇಲಾಖೆ ಲೈಸೆನ್ಸ್ ನವೀಕರಿಸುವುದಿಲ್ಲ ಅಂತ ಆದೇಶ ಮಾಡಿತು. ಕೊಟ್ಟ ಕಾರಣ, ಮಿತಿಗಿಂತ ಜಾಸ್ತಿ ತ್ಯಾಜ್ಯ ತುಂಬಿದ್ದು ಮುಂತಾದ ತಪ್ಪುಗಳು. ಆದರೆ ಅವು ದೊಡ್ಡ ಅಪಾಯ ತರುವಂಥವಲ್ಲ ಅಂತ ಸರ್ಕಾರದ ಕಾಗದಪತ್ರಗಳೇ ಹೇಳುತ್ತಿದ್ದವು.

2003ರ ಮೇನಲ್ಲಿ ಟ್ರಿಬ್ಯುನಲ್ ಕಂಪನಿಯ ಪರ ತೀರ್ಪು ಕೊಟ್ಟಿತು. ಪರಿಹಾರ ಸುಮಾರು 55 ಲಕ್ಷ ಡಾಲರ್. 154ನೇ ಪ್ಯಾರಾದಲ್ಲಿ ಬರೆದದ್ದರ ಸಾರ ಇದು: ಸರ್ಕಾರ ಒಂದೇ ರೀತಿ ನಡೆದುಕೊಳ್ಳಬೇಕು, ಗೊಂದಲ ಇರಬಾರದು, ಹೂಡಿಕೆದಾರನ ಜೊತೆಗಿನ ವ್ಯವಹಾರ ಪೂರ್ತಿ ಪಾರದರ್ಶಕವಾಗಿರಬೇಕು. ತನಗೆ ಅನ್ವಯಿಸುವ ಪ್ರತಿಯೊಂದು ನಿಯಮವೂ, ಅದರ ಹಿಂದಿನ ನೀತಿಯೂ ಅವನಿಗೆ ಮೊದಲೇ ಗೊತ್ತಾಗುವಂತಿರಬೇಕು.

ಇಂಥ ಸರ್ಕಾರ ಭೂಮಿಯ ಮೇಲೆ ಎಲ್ಲಾದರೂ ಇದೆಯಾ? ಎಷ್ಟೋ ವಿದ್ವಾಂಸರು ಇದೇ ಆಕ್ಷೇಪ ಎತ್ತಿದರು, ನನ್ನದೂ ಅದೇ. ಟೆಕ್‌ಮೆಡ್ ಗೆದ್ದದ್ದರಲ್ಲಿ ನನಗೆ ತಕರಾರಿಲ್ಲ. ಸ್ಥಳಾಂತರದ ಮಾತು ಆಡುತ್ತಾ ಆಡುತ್ತಾ, ಅದಕ್ಕೆ ಅವಕಾಶವನ್ನೇ ಕೊಡದೆ, ಸಣ್ಣ ತಪ್ಪಿನ ನೆಪ ಹಿಡಿದು ಬಾಗಿಲು ಹಾಕಿದ್ದು ಅನ್ಯಾಯವೇ. ಊರಿನವರ ವಿರೋಧವೇ ನಿಜವಾದ ಕಾರಣ ಆಗಿದ್ದರೆ ಅದನ್ನು ಹೇಳಬೇಕಿತ್ತು. ಆದರೆ ಆ ಕೇಸು ಗೆಲ್ಲಲು 154ನೇ ಪ್ಯಾರಾದ ಅಷ್ಟೆಲ್ಲ ಮಾತು ಬೇಕಿರಲಿಲ್ಲ. ಮುಂದಿನ ವರ್ಷಗಳಲ್ಲಿ ಹೂಡಿಕೆದಾರರ ವಕೀಲರು ಆ ಪ್ಯಾರಾವನ್ನು ಮಾತ್ರ ಕತ್ತರಿಸಿಕೊಂಡು ಎಲ್ಲ ಕಡೆ ಅಂಟಿಸಿದರು. 2007ರಲ್ಲಿ, ಚಿಲಿಯ ಮೇಲೆ ಎಂಟಿಡಿ ಅನ್ನುವ ಕಂಪನಿ ಹಾಕಿದ್ದ ಕೇಸನ್ನು ಮರುಪರಿಶೀಲಿಸಿದ ಸಮಿತಿ ಈ ಓಟಕ್ಕೆ ತಡೆ ಹಾಕಿತು. ಸರ್ಕಾರದ ಹೊಣೆ ಹುಟ್ಟುವುದು ಒಪ್ಪಂದದಿಂದ. ಹೂಡಿಕೆದಾರನ ಮನಸ್ಸಿನಲ್ಲಿ ಏನೇನು ನಿರೀಕ್ಷೆ ಇದ್ದವು ಅನ್ನುವುದರಿಂದಲ್ಲ, ಅಂದಿತು. 2018ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬೊಲಿವಿಯಾ ಇದೇ ತತ್ವವನ್ನು ಹಿಡಿದು ಚಿಲಿಯ ವಿರುದ್ಧ ಸಮುದ್ರದ ದಾರಿಗಾಗಿ ವಾದಿಸಿತ್ತು. ಹೂಡಿಕೆ ಕೇಸುಗಳಲ್ಲಿ ಇದರ ಮಾತು ಬರುತ್ತದೆ, ನಿಜ. ಅಷ್ಟಕ್ಕೇ ಇದು ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನ ತತ್ವ ಆಗುವುದಿಲ್ಲ ಅಂತ ನ್ಯಾಯಾಲಯ ಹೇಳಿತು. ಅಂದರೆ ದೇಶ ದೇಶಗಳ ನಡುವೆ ನಡೆಯದ ಮಾತು ಕಂಪನಿ ಮತ್ತು ದೇಶದ ನಡುವೆ ನಡೆಯುತ್ತದೆ.

ಮತ್ತೆ ಸ್ಪೇನ್‌ಗೆ ಬರೋಣ. ಸೋಲಾರ್, ಗಾಳಿ ವಿದ್ಯುತ್‌ನ ಕಡಿತಗಳ ವಿರುದ್ಧ ಸ್ಪೇನ್ ಮೇಲೆ ಬಿದ್ದ ಕೇಸುಗಳು ಸುಮಾರು 50. ಹೆಚ್ಚಿನವು ಎನರ್ಜಿ ಚಾರ್ಟರ್ ಒಪ್ಪಂದದ ಕೆಳಗೆ. ಇಂಧನ ಕ್ಷೇತ್ರದ ಹೂಡಿಕೆಗೆ ಅಂತ ಹಲವು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. 2016ರ ಜನವರಿಯಲ್ಲಿ ಮೊದಲ ತೀರ್ಪು ಬಂತು, ಶರಾನ್ ಅನ್ನುವ ಕಂಪನಿಯ ಕೇಸಿನಲ್ಲಿ. ಅಲ್ಲಿ ಪ್ರಶ್ನೆ ಇದ್ದದ್ದು 2010ರ ಕಡಿತಗಳ ಬಗ್ಗೆ ಮಾತ್ರ. ಸ್ಪೇನ್ ಗೆದ್ದಿತು. ಎಲ್ಲರಿಗೂ ಅನ್ವಯಿಸುವ ನಿಯಮ ಯಾರೊಬ್ಬರಿಗೆ ಕೊಟ್ಟ ಮಾತು ಆಗುವುದಿಲ್ಲ ಅಂದರು ಬಹುಮತದ ಮಧ್ಯಸ್ಥಗಾರರು. ‘ಸೂರ್ಯ ನಿಮ್ಮದಾಗಬಹುದು’ ಹೊತ್ತಿಗೆಯನ್ನೂ ಮುಂದಿಟ್ಟಿದ್ದರು. ಅದು ಪ್ರಚಾರ, ಪ್ರತಿಜ್ಞೆ ಅಲ್ಲ ಅಂತ ಬದಿಗಿಟ್ಟರು. ಒಬ್ಬ ಮಧ್ಯಸ್ಥಗಾರ ಭಿನ್ನಮತ ಬರೆದರು. ಇಷ್ಟೇ ಜನರನ್ನು, ಇಷ್ಟೇ ಅವಧಿಯಲ್ಲಿ, ದುಡ್ಡು ಹಾಕಿ ಅಂತ ಕರೆಯಲೆಂದೇ ಮಾಡಿದ ನಿಯಮವನ್ನು ನಂಬಿದವನ ನಿರೀಕ್ಷೆಗೆ ಬೆಲೆ ಇರಲೇಬೇಕು ಅಂತ.

ಮುಂದಿನ ವರ್ಷ ಐಸರ್ ಅನ್ನುವ ಕಂಪನಿಯ ಕೇಸು. ಮೂರು ದೊಡ್ಡ ಸೌರಶಾಖ ಸ್ಥಾವರಗಳು, ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಹಬೆ ಮಾಡುವಂಥವು. ಇಲ್ಲಿ ಪ್ರಶ್ನೆ 2013ರ ಪೂರ್ತಿ ಬದಲಾವಣೆಯದ್ದು. ಸ್ಪೇನ್ ಸೋತಿತು, 12.8 ಕೋಟಿ ಯೂರೋ ಕೊಡಿ ಅಂದರು. ಕಾನೂನು ಬದಲಾಯಿಸಬೇಡಿ ಅನ್ನುತ್ತಿಲ್ಲ, ಆದರೆ ನಂಬಿ ಬಂದವರ ಹೂಡಿಕೆಯ ಬೆಲೆಯೇ ಹೋಗುವಂತೆ ಬುಡವನ್ನೇ ಕೀಳಬೇಡಿ ಅನ್ನುವುದು ಟ್ರಿಬ್ಯುನಲ್‌ನ ವಾದ. 2020ರಲ್ಲಿ ಆ ತೀರ್ಪೂ ರದ್ದಾಯಿತು. ಒಬ್ಬ ಮಧ್ಯಸ್ಥಗಾರರಿಗೂ ಕಂಪನಿಯ ಪರ ಲೆಕ್ಕ ಹಾಕಿದ ತಜ್ಞರಿಗೂ ಹಳೆಯ ವೃತ್ತಿ ಸಂಬಂಧ ಇತ್ತು, ಅದನ್ನು ಹೇಳಿರಲಿಲ್ಲ ಅನ್ನುವ ಕಾರಣಕ್ಕೆ. ಉಳಿದ ಕೇಸುಗಳಲ್ಲಿ ಕೆಲವನ್ನು ಸ್ಪೇನ್ ಗೆದ್ದಿತು, ಜಾಸ್ತಿ ಸೋತಿತು.

ಇಷ್ಟೆಲ್ಲ ಆಗುವಾಗ ಸೋಲಾರ್ ತೋಟದ ಕುಟುಂಬಗಳು ಎಲ್ಲಿದ್ದವು? ಅವರೂ ಕೋರ್ಟಿಗೆ ಹೋಗಿದ್ದರು. ಅವರ ಪಾಲಿಗೆ ಇದ್ದದ್ದು ಸ್ಪೇನ್‌ನ ಕೋರ್ಟುಗಳು ಮಾತ್ರ. ಹೂಡಿಕೆ ಒಪ್ಪಂದ ಇರುವುದು ಹೊರಗಿನವರಿಗೆ. ಒಳಗಿನವರು ತಮ್ಮದೇ ಸರ್ಕಾರದ ಮೇಲೆ ಅಲ್ಲಿ ದಾವೆ ಹೂಡುವ ಹಾಗಿಲ್ಲ. ಸ್ಪೇನ್‌ನ ಕಾನೂನಿನಲ್ಲೂ ನ್ಯಾಯಸಮ್ಮತ ನಂಬಿಕೆಯ ರಕ್ಷಣೆ ಅನ್ನುವ ತತ್ವ ಇದೆ. 2015ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ, 2016ರಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಹೊಸ ಪದ್ಧತಿಯನ್ನು ಎತ್ತಿಹಿಡಿದರು. ಸರ್ಕಾರದ ನಿಯಂತ್ರಣ ಇರುವ ಕ್ಷೇತ್ರಕ್ಕೆ ಇಳಿಯುವ ಎಚ್ಚರದ ವ್ಯಾಪಾರಿ ನಿಯಮ ಬದಲಾಗಬಹುದು ಅಂತ ತಿಳಿದಿರಬೇಕು ಅನ್ನುವುದು ಅವರ ಉತ್ತರ.

ನನಗೆ ಇದು ಅರಗುವುದೇ ಇಲ್ಲ. ಒಂದು ದೊಡ್ಡ ಹೂಡಿಕೆ ನಿಧಿಯ ಹತ್ತಿರ ವಕೀಲರ ದಂಡೇ ಇರುತ್ತದೆ. 44ನೇ ವಿಧಿಯನ್ನು, ಹಿಂದಿನ ಕೋರ್ಟ್ ತೀರ್ಪುಗಳನ್ನು, ಸರ್ಕಾರದ ಸಾಲದ ಲೆಕ್ಕವನ್ನು ಓದಿಸಿ, ಅಪಾಯಕ್ಕೆ ಬೆಲೆ ಕಟ್ಟಿ, ಆಮೇಲೆ ಅದು ದುಡ್ಡು ಹಾಕುತ್ತದೆ. ಸರ್ಕಾರದ ಹೊತ್ತಿಗೆ ಓದಿ, ಮನೆ ಅಡವಿಟ್ಟು ಬಂದವನ ಕೈಯಲ್ಲಿ ಅದ್ಯಾವುದೂ ಇರಲಿಲ್ಲ. ಯಾರ ನಂಬಿಕೆ ಜಾಸ್ತಿ ಮುಗ್ಧವಾದದ್ದು? ಯಾರಿಗೆ ರಕ್ಷಣೆ ಜಾಸ್ತಿ ಬೇಕಿತ್ತು? ಸಿಕ್ಕಿದ್ದು ಯಾರಿಗೆ?

ಇದರ ಜೊತೆ ಶರಾನ್ ಕೇಸಿನ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಿ. ಅರ್ಜಿ ಹಾಕಿದ ಎರಡು ಕಂಪನಿಗಳಲ್ಲಿ ಒಂದು ನೆದರ್ಲೆಂಡ್ಸ್‌ನದ್ದು, ಇನ್ನೊಂದು ಲಕ್ಸೆಂಬರ್ಗ್‌ನದ್ದು. ಅವುಗಳ ಹಿಂದೆ ಇರುವವರು ಸ್ಪೇನ್‌ನವರೇ, ಇದನ್ನು ವಿದೇಶಿ ಹೂಡಿಕೆ ಅನ್ನಬೇಡಿ ಅಂತ ಸರ್ಕಾರ ವಾದಿಸಿತ್ತು. ಟ್ರಿಬ್ಯುನಲ್ ಒಪ್ಪಲಿಲ್ಲ. ಕಂಪನಿ ಎಲ್ಲಿ ನೋಂದಣಿಯಾಗಿದೆ ಅನ್ನುವುದೇ ಲೆಕ್ಕ. ಕೊನೆಗೆ ಕೇಸು ಸೋತರು, ಅದು ಬೇರೆ ವಿಷಯ. ಬಾಗಿಲೊಳಗೆ ಬರಲಿಕ್ಕಂತೂ ಬಿಟ್ಟರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಂಪನಿ ಮಾಡಿಸುವಷ್ಟು ಅನುಕೂಲ ಇದ್ದಿದ್ದರೆ ಸೋಲಾರ್ ತೋಟದವನಿಗೂ ಆ ಬಾಗಿಲು ತೆರೆಯುತ್ತಿತ್ತು.

ಗೆದ್ದ ಕಂಪನಿಗಳಿಗೂ ಸ್ಪೇನ್ ಸುಲಭವಾಗಿ ದುಡ್ಡು ಕೊಡುತ್ತಿಲ್ಲ. ಯುರೋಪಿಯನ್ ಒಕ್ಕೂಟದ ಒಳಗಿನ ದೇಶದ ಕಂಪನಿ ಇನ್ನೊಂದು ಸದಸ್ಯ ದೇಶದ ಮೇಲೆ ಎನರ್ಜಿ ಚಾರ್ಟರ್ ಕೆಳಗೆ ಹೀಗೆ ಮಧ್ಯಸ್ಥಿಕೆಗೆ ಹೋಗುವುದೇ ತಪ್ಪು ಅಂತ ಒಕ್ಕೂಟದ ನ್ಯಾಯಾಲಯ 2021ರಲ್ಲಿ ಹೇಳಿತು. ಪರಿಹಾರ ಕೊಟ್ಟರೆ ಅದು ಅಕ್ರಮ ಸರ್ಕಾರಿ ನೆರವಾಗುತ್ತದೆ ಅಂತ 2025ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಒಂದು ಕೇಸಿನಲ್ಲಿ ತೀರ್ಮಾನಿಸಿತು. ಹಾಗಾಗಿ ಗೆದ್ದವರು ಯುರೋಪಿನ ಹೊರಗೆ ಸ್ಪೇನ್‌ನ ಆಸ್ತಿ ಹುಡುಕುತ್ತಿದ್ದಾರೆ. 2023ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ಅಂಥ ಒಂದು ತೀರ್ಪಿಗೆ ಮಾನ್ಯತೆ ಕೊಟ್ಟದ್ದು ಅದೇ ಹುಡುಕಾಟದ ಒಂದು ಹಂತ.

ಹಾಗಾದರೆ ಈ ತತ್ವವನ್ನೇ ಕಿತ್ತು ಹಾಕಬೇಕಾ? ಬೇಡ ಅನ್ನೋದು ನನ್ನ ನಿಲುವು. ಸರ್ಕಾರದ ಮಾತಿಗೆ ಬೆಲೆ ಇರಬೇಕು. ಜನರ ದುಡ್ಡನ್ನು ಕರೆದು ತರಿಸಿಕೊಂಡು, ಅದು ನೆಲದಲ್ಲಿ ಕಂಬವಾಗಿ, ಫಲಕವಾಗಿ ನಿಂತು ವಾಪಸ್ ತೆಗೆಯಲಾಗದ ಸ್ಥಿತಿಗೆ ಬಂದ ಮೇಲೆ ಷರತ್ತು ಬದಲಾಯಿಸುವುದು ತಪ್ಪು. ಆದರೆ ಕೊಟ್ಟ ಮಾತು ಸ್ಪಷ್ಟವಾಗಿರಬೇಕು, ಇಂಥವರಿಗೆ ಅಂತ ಕೊಟ್ಟದ್ದಾಗಿರಬೇಕು. ಸಿಗರೇಟ್ ಪ್ಯಾಕಿನ ಮೇಲೆ ಶೇಕಡಾ 80ರಷ್ಟು ಜಾಗದಲ್ಲಿ ಎಚ್ಚರಿಕೆ ಹಾಕಿ ಅಂದ ಉರುಗ್ವೆಯನ್ನು ಫಿಲಿಪ್ ಮೋರಿಸ್ ಎಳೆದಾಡಿತಲ್ಲ, ಅಲ್ಲಿ 2016ರಲ್ಲಿ ಟ್ರಿಬ್ಯುನಲ್ ಸರಿಯಾಗಿಯೇ ಹೇಳಿತು. ಆರೋಗ್ಯದ ಕಾನೂನು ಎಂದೂ ಬಿಗಿಯಾಗುವುದಿಲ್ಲ ಅಂತ ತಂಬಾಕು ಕಂಪನಿ ನಿರೀಕ್ಷಿಸುವ ಹಾಗೇ ಇಲ್ಲ.

ಭಾರತ ಈ ಪಾಠ ಕಲಿತದ್ದು ಕಲ್ಲಿದ್ದಲಿನ ಕೇಸೊಂದರಲ್ಲಿ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್, 1989ರಲ್ಲಿ ಕೋಲ್ ಇಂಡಿಯಾ ಜೊತೆ ಒಪ್ಪಂದ ಮಾಡಿಕೊಂಡು ಈಗಿನ ಜಾರ್ಖಂಡ್‌ನ ಪಿಪರ್‌ವಾರ್‌ನಲ್ಲಿ ಗಣಿ ಕೆಲಸ ಮಾಡಿತು. ಜಗಳವಾಗಿ 2002ರಲ್ಲಿ ಮಧ್ಯಸ್ಥಿಕೆಯಲ್ಲಿ ಗೆದ್ದಿತು, ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್. ಅದನ್ನು ವಸೂಲಿ ಮಾಡಲು ದೆಹಲಿ ಹೈಕೋರ್ಟಿಗೆ ಹೋಯಿತು. ರದ್ದು ಮಾಡಿಸಲು ಕೋಲ್ ಇಂಡಿಯಾ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ವರ್ಷಗಳು ಉರುಳಿದವು. ಕೊನೆಗೆ ಕಂಪನಿ ಭಾರತದ ಮೇಲೇ, ಎರಡೂ ದೇಶಗಳ ನಡುವಿನ ಹೂಡಿಕೆ ಒಪ್ಪಂದದ ಕೆಳಗೆ ಕೇಸು ಹಾಕಿತು. ತೀರ್ಪು ಬೇಗ ಜಾರಿಯಾಗುತ್ತದೆ ಅನ್ನುವ ನ್ಯಾಯಸಮ್ಮತ ನಿರೀಕ್ಷೆ ನಮಗಿತ್ತು ಅಂತ ವಾದಿಸಿತು. 2011ರ ತೀರ್ಪಿನಲ್ಲಿ ಟ್ರಿಬ್ಯುನಲ್ ಆ ವಾದವನ್ನು ತಳ್ಳಿಹಾಕಿತು. ಭಾರತದ ಕೋರ್ಟುಗಳ ಮೇಲೆ ವಿಪರೀತ ಹೊರೆ ಇದೆ ಅನ್ನುವುದು ಕೋಲ್ ಇಂಡಿಯಾ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕುವಾಗಲೇ ನಿಮಗೆ ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು ಅಂದಿತು. ಓದುವಾಗ ನನಗೆ ನಿಜಕ್ಕೂ ನೋವಾದ ಸಾಲು ಅದು. ನಮ್ಮ ಕೋರ್ಟುಗಳ ವಿಳಂಬ ಅಷ್ಟು ಜಗಜ್ಜಾಹೀರು ಅನ್ನುವುದೇ ಭಾರತದ ರಕ್ಷಣೆಗೆ ಬಂತು. ಆದರೂ ಭಾರತ ಸೋತಿತು. ಕುವೈತ್ ಜೊತೆಗಿನ ನಮ್ಮ ಒಪ್ಪಂದದಲ್ಲಿ ಹಕ್ಕು ಸಾಧಿಸಲು ಪರಿಣಾಮಕಾರಿ ದಾರಿ ಒದಗಿಸುತ್ತೇವೆ ಅನ್ನುವ ಮಾತು ಇತ್ತು. ಬೇರೆ ದೇಶದವರಿಗೆ ಕೊಟ್ಟದ್ದಕ್ಕಿಂತ ಕಡಿಮೆ ನಿಮಗೆ ಕೊಡುವುದಿಲ್ಲ ಅಂತ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಲ್ಲಿ ಇದ್ದದ್ದರಿಂದ, ಅದರ ಲಾಭ ಆಸ್ಟ್ರೇಲಿಯಾದ ಕಂಪನಿಗೂ ಸಿಗುತ್ತದೆ ಅಂತ ಟ್ರಿಬ್ಯುನಲ್ ಹೇಳಿತು.

ಅದಾದ ಮೇಲೆ ಇನ್ನೂ ಹಲವು ಕೇಸು ಬಿದ್ದವು. ಭಾರತ ಹಳೆಯ ಒಪ್ಪಂದಗಳನ್ನು ಸಾಲುಸಾಲಾಗಿ ಕೊನೆಗೊಳಿಸಿತು. 2016ರ ಹೊಸ ಮಾದರಿ ಒಪ್ಪಂದದಲ್ಲಿ ‘ನ್ಯಾಯವಾಗಿ, ಸಮದೃಷ್ಟಿಯಿಂದ’ ಅನ್ನುವ ಸಾಲೇ ಇಲ್ಲ. ಮಧ್ಯಸ್ಥಿಕೆಗೆ ಹೋಗುವ ಮೊದಲು ಐದು ವರ್ಷ ಇಲ್ಲಿನ ಕೋರ್ಟುಗಳಲ್ಲೇ ಪ್ರಯತ್ನಿಸಬೇಕು ಅನ್ನುವ ಷರತ್ತು ಇದೆ. 2024ರಲ್ಲಿ ಯುಎಇ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ಹೊರಗಿನವರೂ ಮೊದಲು ನಮ್ಮವರು ನಿಂತ ಸಾಲಿನಲ್ಲೇ ನಿಲ್ಲಲಿ ಅನ್ನುವುದನ್ನು ನಾನು ಒಪ್ಪುತ್ತೇನೆ. ಸ್ಪೇನ್‌ನಲ್ಲಿ ಆದ ಅನ್ಯಾಯ ಹಾಗಾದರೂ ಸ್ವಲ್ಪ ಕಡಿಮೆ ಆಗುತ್ತದೆ.

ಆದರೆ ಆ ಸಾಲು ಹೇಗೆ ಸಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಭೂಮಿ ಇರುವ ರೈತರು ತಮ್ಮ ಜಮೀನಿನಲ್ಲಿ 1ರಿಂದ 3 ಮೆಗಾವ್ಯಾಟ್ ಸೋಲಾರ್ ಘಟಕ ಹಾಕಬಹುದು ಅನ್ನುವ ಯೋಜನೆಯನ್ನು ಕರ್ನಾಟಕ ತಂದಿತ್ತು. ಯೂನಿಟ್‌ಗೆ 8.40 ರೂಪಾಯಿ, 25 ವರ್ಷಕ್ಕೆ ಒಪ್ಪಂದ. ಭೂ ಪರಿವರ್ತನೆ, ಗ್ರಿಡ್ ಸಂಪರ್ಕದ ಅನುಮತಿಗಳು ಸರ್ಕಾರಿ ಕಚೇರಿಗಳಲ್ಲೇ ತಡವಾದವು. ಘಟಕ ಶುರುವಾಗುವುದು ತಡವಾಯಿತು ಅಂತ ವಿದ್ಯುತ್ ನಿಯಂತ್ರಣ ಆಯೋಗ ದರವನ್ನು 4.36ಕ್ಕೆ ಇಳಿಸಿತು. ಬೆಸ್ಕಾಂ ಮತ್ತು ಹಿರೇಹಳ್ಳಿ ಸೋಲಾರ್ ನಡುವಿನ ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. ತಡವಾದದ್ದು ಘಟಕದವರ ಕೈಮೀರಿದ ಕಾರಣಕ್ಕೆ, ಹಾಗಾಗಿ 8.40ರ ದರವೇ ಸರಿ ಅನ್ನುವ ಮೇಲ್ಮನವಿ ನ್ಯಾಯಮಂಡಳಿಯ ತೀರ್ಪನ್ನು ಕೋರ್ಟ್ ಎತ್ತಿಹಿಡಿಯಿತು. ದೊಡ್ಡ ತತ್ವ ಏನೂ ಬೇಕಾಗಲಿಲ್ಲ, ಒಪ್ಪಂದದ ಒಂದು ಷರತ್ತೇ ಸಾಕಾಯಿತು.

ಆ ಒಪ್ಪಂದಕ್ಕೆ ಸಹಿ ಬಿದ್ದದ್ದು 2015ರಲ್ಲಿ. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2024ರ ಆಗಸ್ಟ್‌ನಲ್ಲಿ. ವೈಟ್ ಇಂಡಸ್ಟ್ರೀಸ್ ನಮ್ಮ ಕೋರ್ಟುಗಳಲ್ಲಿ ಕಾದದ್ದೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಅವರಿಗೆ ಆ ವಿಳಂಬಕ್ಕೆ ಪರಿಹಾರ ಸಿಕ್ಕಿತು. ಇಲ್ಲಿನ ಘಟಕದವರು ಕೋರ್ಟುಗಳ ವಿಳಂಬದ ಲೆಕ್ಕವನ್ನು ಕೇಳಬೇಕು ಅಂದರೆ ಅದಕ್ಕೆ ಇನ್ನೊಂದು ಕೇಸು ಹಾಕಬೇಕು, ಅದೂ ಇದೇ ಕೋರ್ಟುಗಳಲ್ಲಿ.